ಗೋಡೆಯ ಬಣ್ಣ ಯಾಕೆ ಕೆಟ್ಟಿತು? ಇನ್ನೊಂದು ಕೋಟು ಹೊಡೆಸುವ ಮುಂಚೆ ನೋಡಬೇಕಾದ್ದು

ಮನೆಯೊಳಗಿನ ಬಣ್ಣ ಕೆಟ್ಟಾಗ ನಮ್ಮ ಕಡೆ ಮೊದಲು ಕೇಳಿಬರುವ ಮಾತು ಒಂದೇ: "ಇನ್ನೊಂದು ಕೋಟ್ ಹೊಡೆದ್ಬಿಡಿ ಸಾರ್, ಎಲ್ಲಾ ಮುಚ್ಕೊಳುತ್ತೆ." ಮುಚ್ಚಿಕೊಳ್ಳುತ್ತದೆ, ಸುಳ್ಳಲ್ಲ. ಯುಗಾದಿಗೆ ಹೊಡೆಸಿದ್ದು ಗೌರಿ ಹಬ್ಬದವರೆಗೆ ಚೆನ್ನಾಗಿಯೇ ಇರುತ್ತದೆ. ಮಳೆ ಹಿಡಿದ ಮೇಲೆ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಮತ್ತೆ ಏಳುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ನಾನು ಕಂಡ ಮಟ್ಟಿಗೆ ಡಬ್ಬಿಯೊಳಗಿನ ಬಣ್ಣದ ತಪ್ಪು ತೀರಾ ಅಪರೂಪ. ಗೋಡೆಯಲ್ಲಿ ನೀರಿರುತ್ತದೆ, ಇಲ್ಲವೇ ಉಪ್ಪಿರುತ್ತದೆ, ಎರಡೂ ಇಲ್ಲದಿದ್ದರೆ ಹಬ್ಬಕ್ಕೋ ಗೃಹಪ್ರವೇಶಕ್ಕೋ ಅವಸರ ಮಾಡಿರುತ್ತಾರೆ. ಯಾವುದು ಎಂದು ಕಂಡುಹಿಡಿಯುವ ದಾರಿ ಇಲ್ಲಿದೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಗೋಡೆ ಕೆರೆಯುವುದು ಆಮೇಲೆ.

ಶುರು ಮಾಡುವ ಮುಂಚೆ

ಬೇಕಾದ ಸಾಮಾನೆಲ್ಲ ಮನೆಯಲ್ಲೇ ಇರುತ್ತದೆ: ಟಾರ್ಚು, ಸೆಲ್ಲೋಟೇಪು, ಬ್ಲೇಡು, ಒದ್ದೆ ಬಟ್ಟೆ, ಪೆನ್ಸಿಲ್ಲು, ಒಂದು ದಪ್ಪ ಪ್ಲಾಸ್ಟಿಕ್ ಹಾಳೆ, ಚಿಟಿಕೆ ಅರಿಶಿನ.

ರಾತ್ರಿ ದೀಪ ಆರಿಸಿ ಟಾರ್ಚನ್ನು ಗೋಡೆಗೆ ಒತ್ತಿಹಿಡಿದು ಬೆಳಕನ್ನು ಅಡ್ಡಲಾಗಿ ಬಿಡಿ. ಹಗಲಿನಲ್ಲಿ ಕಾಣದ ಉಬ್ಬು, ಕೂದಲೆಳೆ ಬಿರುಕು, ಪುಟ್ಟಿಯ (ಗೋಡೆ ನುಣುಪಾಗಲು ಬಣ್ಣದ ಕೆಳಗೆ ಮೆತ್ತುವ ಲೇಪ) ತೇಪೆ ಎಲ್ಲ ಎದ್ದು ಕಾಣುತ್ತವೆ. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ. ಗಟ್ಟಿ ಸದ್ದು ಬಂದರೆ ಗಾರೆ ಹಿಡಿದುಕೊಂಡಿದೆ, ಟೊಳ್ಳು ಸದ್ದು ಬಂದರೆ ಬಿಟ್ಟುಕೊಂಡಿದೆ. ಟೊಳ್ಳು ಗಾರೆಯ ಮೇಲೆ ಎಷ್ಟು ಬೆಲೆಯ ಬಣ್ಣ ಬಳಿದರೂ ಅದು ಗಾರೆಯ ಜೊತೆಗೇ ಉದುರುತ್ತದೆ.

ಕೆಟ್ಟ ಜಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ, ವರ್ಷದ ಯಾವ ತಿಂಗಳಲ್ಲಿ ಹೆಚ್ಚಾಗುತ್ತದೆ, ಗೋಡೆಯ ಆಚೆ ಬದಿಗೆ ಏನಿದೆ ಎಂದು ಬರೆದಿಟ್ಟುಕೊಳ್ಳಿ. ಬಚ್ಚಲೋ, ಸಂಪೋ, ಪಕ್ಕದ ಮನೆಯ ಖಾಲಿ ಜಾಗವೋ ನೋಡಿ. ಅರ್ಧ ರೋಗ ಇಲ್ಲೇ ತಿಳಿಯುತ್ತದೆ.

ಎರಡು ಎಚ್ಚರಿಕೆ. ಒದ್ದೆಯಾದ ಗೋಡೆ ಮುಟ್ಟಿದಾಗ ಕೈ ಜುಮ್ ಎಂದರೆ ಬಣ್ಣದ ವಿಚಾರ ಅಲ್ಲಿಗೇ ಬಿಡಿ. ಒಣಗಿದ ಚಪ್ಪಲಿ ಹಾಕಿಕೊಂಡು ಮೈನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಆ ಗೋಡೆಯ ಹತ್ತಿರ ಮಕ್ಕಳನ್ನು ಬಿಡಬೇಡಿ. ಸ್ವಿಚ್ ಬೋರ್ಡಿನ ಸುತ್ತ ತೊಳೆಯುವಾಗಲೂ ಮೈನ್ ಆಫ್ ಇರಲಿ.

ಇನ್ನೊಂದು, ಹಳೆಯ ಬಾಗಿಲು ಕಿಟಕಿಯ ಬಣ್ಣದಲ್ಲಿರುವ ಸೀಸ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಎನಾಮಲ್ (ಬಾಗಿಲು ಕಿಟಕಿಗೆ ಬಳಿಯುವ ಹೊಳಪಿನ ಬಣ್ಣ), ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಇದೆ ಎಂದೇ ಇಟ್ಟುಕೊಂಡು ಕೆಲಸ ಮಾಡುವುದು ಒಳ್ಳೆಯದು. ಅದನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ, ಬೆಂಕಿ ತೋರಿಸಿ ಸುಲಿಯಬೇಡಿ. ನೀರು ಮುಟ್ಟಿಸಿಕೊಂಡು ವಾಟರ್ ಪೇಪರಿನಲ್ಲಿ ಉಜ್ಜಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದ ಚಕ್ಕೆಗಳನ್ನು ಕಟ್ಟಿ ಹಾಕಿ. ಬಸುರಿಯರು, ಎಳೆಮಕ್ಕಳು ಆ ದಿನ ಬೇರೆ ಮನೆಯಲ್ಲಿರಲಿ.

ಕೈ ಸವರಿದರೆ ಪುಡಿ ಅಂಟುತ್ತದೆ

ಇದು ಎಲ್ಲಕ್ಕಿಂತ ಸುಲಭದ್ದು. ಕಪ್ಪು ಬಟ್ಟೆಯಿಂದ ಗೋಡೆ ಒರೆಸಿ. ಮನೆಯ ಎಲ್ಲಾ ಗೋಡೆಯಲ್ಲೂ ಸಮನಾಗಿ ಪುಡಿ ಬಂದರೆ ಅದು ಸುಣ್ಣ ಅಥವಾ ಅಗ್ಗದ ಡಿಸ್ಟೆಂಪರು, ಅದರ ಗುಣವೇ ಅಷ್ಟು. ಹೊಸದಾಗಿ ಬಳಿದ ಎಮಲ್ಶನ್ (ನೀರು ಬೆರೆಸುವ ಗೋಡೆ ಬಣ್ಣ) ಪುಡಿಯಾಗುತ್ತಿದ್ದರೆ ನೀರು ಹೆಚ್ಚು ಬೆರೆಸಿದ್ದಾರೆ, ಇಲ್ಲವೇ ಪ್ರೈಮರ್ (ಬಣ್ಣಕ್ಕೆ ಮುಂಚೆ ಹೊಡೆಯುವ ತಳದ ಕೋಟು) ಇಲ್ಲದ ಪುಟ್ಟಿ ಬಣ್ಣದ ಅಂಟನ್ನೆಲ್ಲ ಹೀರಿಕೊಂಡಿದೆ. ಎಷ್ಟು ನೀರು ಹಾಕಬೇಕೆಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಓದುವವರು ಕಡಿಮೆ, ಅಂದಾಜಿನಲ್ಲಿ ಚೊಂಬು ಎತ್ತುವವರೇ ಹೆಚ್ಚು.

ಪರಿಹಾರವೂ ಅಗ್ಗ. ಪುಡಿ ಬರುವುದು ನಿಲ್ಲುವ ತನಕ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಒಂದು ಕೋಟು ಪ್ರೈಮರ್ ಹೊಡೆದು ಆಮೇಲೆ ಬಣ್ಣ. ಪುಡಿಯ ಮೇಲೇ ಎಮಲ್ಶನ್ ಎಳೆದರೆ ಮುಂದಿನ ವರ್ಷ ಚಕ್ಕೆಯ ಭಾಗವನ್ನು ಓದಬೇಕಾಗುತ್ತದೆ. ಪುಡಿ ಒಂದೇ ಕಡೆ, ಅದೂ ನೆಲದ ಹತ್ತಿರ ಬರುತ್ತಿದ್ದರೆ ಅದು ಬಣ್ಣದ ಪುಡಿಯಲ್ಲ, ಚೌಳು, ಅಂದರೆ ಗೋಡೆಯಿಂದ ಹೊರಬಂದ ಉಪ್ಪು. ಅದಕ್ಕೆ ಬೇರೆ ಭಾಗವೇ ಇದೆ.

ಬಣ್ಣ ತೇಪೆ ತೇಪೆಯಾಗಿ ಕಾಣುತ್ತದೆ

ತೇಪೆ ಪುಟ್ಟಿ ಮೆತ್ತಿದ ಜಾಗದ ಆಕಾರದಲ್ಲೇ ಇದ್ದರೆ ಅಲ್ಲಿ ಪ್ರೈಮರ್ ಬಿಟ್ಟಿದ್ದಾರೆ. ಪಟ್ಟೆಪಟ್ಟೆಯಾಗಿದ್ದರೆ, ಅರ್ಧ ಗೋಡೆ ಬಳಿದು ಊಟಕ್ಕೆ ಹೋಗಿ ಬಂದು ಒಣಗಿದ ಅಂಚಿನಿಂದ ಮುಂದುವರಿಸಿದ್ದಾರೆ. ಏಪ್ರಿಲ್ ಬಿಸಿಲಿಗೆ ಪಶ್ಚಿಮದ ಗೋಡೆ ಕಾದಿದ್ದರೆ ಅಂಚು ಕೆಲವೇ ನಿಮಿಷದಲ್ಲಿ ಒಣಗುತ್ತದೆ. ಒಂದು ಗೋಡೆ ಹಿಡಿದರೆ ಮೂಲೆಯಿಂದ ಮೂಲೆಗೆ ಮುಗಿಸಿಯೇ ಏಳಬೇಕು. ಇಡೀ ಗೋಡೆಯ ಛಾಯೆ ಪಕ್ಕದ ಗೋಡೆಗಿಂತ ಬೇರೆ ಇದ್ದರೆ ಡಬ್ಬಿಗಳ ಬ್ಯಾಚ್ ನಂಬರ್ ನೋಡಿ. ಬೇರೆ ಬೇರೆ ದಿನ ಮಿಷನ್ನಿನಲ್ಲಿ ಕಲಸಿದ ಬಣ್ಣ ಸ್ವಲ್ಪವಾದರೂ ಬದಲಾಗುತ್ತದೆ. ಬೇಕಾದಷ್ಟನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿಕೊಂಡರೆ ಈ ತಾಪತ್ರಯವಿಲ್ಲ.

ಈ ಒಂದು ದೋಷಕ್ಕೆ ಮಾತ್ರ "ಇನ್ನೊಂದು ಕೋಟು" ನಿಜವಾದ ಮದ್ದು.

ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ

ಎದ್ದ ಚಕ್ಕೆಯನ್ನು ಕಿತ್ತು ಬಿಸಾಡಬೇಡಿ. ಬೆಳಕಿಗೆ ಹಿಡಿದು ಅದರ ಬೆನ್ನು ನೋಡಿ. ಯಾವ ಪದರ ಯಾವುದನ್ನು ಬಿಟ್ಟಿದೆ ಎಂಬುದೆಲ್ಲ ಅಲ್ಲಿ ಕಾಣುತ್ತದೆ.

ಬೆನ್ನಿನ ಮೇಲೆ ಬಿಳಿ ಪುಡಿ ಇದ್ದು ಬೆರಳಿಗೆ ಅಂಟಿದರೆ, ಕೆಳಗೆ ಹಳೇ ಸುಣ್ಣ ಇದೆ. ವರ್ಷ ವರ್ಷ ಹಬ್ಬಕ್ಕೆ ಸುಣ್ಣ ಬಳಿದ ಮನೆಗಳಲ್ಲಿ ಅದು ಪದರದ ಮೇಲೆ ಪದರ ಕೂತು, ಹಳೆಯ ಪದರಗಳು ಗೋಡೆ ಬಿಡುವ ಹಂತಕ್ಕೆ ಬಂದಿರುತ್ತವೆ. ಅದರ ಮೇಲೆ ಎಮಲ್ಶನ್ ಬಳಿದರೆ, ಅದು ಒಣಗುತ್ತಾ ಬಿಗಿದುಕೊಂಡು ಸುಣ್ಣವನ್ನೇ ಎಳೆದು ಕೀಳುತ್ತದೆ. ಇಲ್ಲಿ ಸುಣ್ಣ ಪೂರ್ತಿ ಕೆರೆದು ತೊಳೆಯದೆ ಬೇರೆ ದಾರಿಯಿಲ್ಲ.

ಬೆನ್ನು ನುಣುಪಾಗಿದ್ದು, ಗೋಡೆಯ ಮೇಲೆ ಉಳಿದದ್ದೂ ಹೊಳೆಯುತ್ತಿದ್ದರೆ, ಹಳೆಯ ಆಯಿಲ್ ಪೇಂಟಿನ ಮೇಲೆ ಉಜ್ಜದೆ ಹೊಸ ಬಣ್ಣ ಬಳಿದಿದ್ದಾರೆ. ಅಡುಗೆಮನೆ, ನಡುಮನೆಗಳಲ್ಲಿ ಸೊಂಟದೆತ್ತರಕ್ಕೆ ಆಯಿಲ್ ಪೇಂಟ್ ಬಳಿಯುವುದು ಒಂದು ಕಾಲಕ್ಕೆ ವಾಡಿಕೆಯಾಗಿತ್ತು. ಆ ಪಟ್ಟಿಯ ಎತ್ತರಕ್ಕೇ ಚಕ್ಕೆ ನಿಲ್ಲುತ್ತಿದ್ದರೆ ಸಂಶಯವೇ ಬೇಡ. ವಾಟರ್ ಪೇಪರಿನಲ್ಲಿ ಹೊಳಪು ಹೋಗುವ ತನಕ ಉಜ್ಜಿ, ಪ್ರೈಮರ್ ಹೊಡೆಸಿ. ಉಜ್ಜುವಾಗ ಮೇಲೆ ಹೇಳಿದ ಸೀಸದ ಎಚ್ಚರಿಕೆ ಮರೆಯಬೇಡಿ.

ಚಕ್ಕೆಯ ಜೊತೆ ಪುಟ್ಟಿಯೇ ದಪ್ಪನಾಗಿ ಎದ್ದು ಬಂದು ಕೆಳಗೆ ಸಿಮೆಂಟು ಗಾರೆ ಬೋಳಾಗಿ ಕಂಡರೆ, ಪುಟ್ಟಿ ಗೋಡೆಗೆ ಹಿಡಿದೇ ಇಲ್ಲ. ಸಿಮೆಂಟ್ ಪುಟ್ಟಿ ಎಳೆಯುವ ಮುಂಚೆ ಗೋಡೆಗೆ ನೀರು ಚಿಮುಕಿಸಬೇಕು. ಒಣ ಗೋಡೆ ಪುಟ್ಟಿಯ ನೀರನ್ನು ಎಳೆದುಕೊಂಡುಬಿಟ್ಟರೆ ಅದರಲ್ಲಿರುವ ಬಿಳಿ ಸಿಮೆಂಟು ಗಟ್ಟಿಯಾಗುವ ಮುಂಚೆಯೇ ಒಣಗುತ್ತದೆ.

ಚಕ್ಕೆಯ ಬೆನ್ನಿಗೆ ಮರಳೇ ಅಂಟಿಕೊಂಡು ಬಂದರೆ ಪೇಂಟರನ್ನು ಬೈಯಬೇಡಿ. ಗಾರೆಯೇ ಸತ್ತಿದೆ. ಸಿಮೆಂಟು ಕಡಿಮೆಯಾಗಿದೆ, ಎಂ-ಸ್ಯಾಂಡಿನಲ್ಲಿ ಕ್ರಷರ್ ಧೂಳು ಹೆಚ್ಚಿತ್ತು, ಅಥವಾ ಗಾರೆಗೆ ಸರಿಯಾಗಿ ನೀರುಣಿಸಿಲ್ಲ. ಮೊಳೆಯಿಂದ ಗೀರಿ ನೋಡಿ. ಮರಳು ಸುಲಭವಾಗಿ ಸುರಿದರೆ ಗಾರೆ ಮೇಸ್ತ್ರಿಯನ್ನು ಕರೆಯಿರಿ.

ಹಳ್ಳಿಯ ಹಳೆಯ ಮಣ್ಣಿನ ಗೋಡೆಗೆ ಸಿಮೆಂಟು ಗಾರೆ ಮಾಡಿಸಿದ ಮನೆಗಳಲ್ಲಿ ಚಕ್ಕೆ ಏಳುವುದು ಬೇರೆ ಕತೆ. ಮಣ್ಣು ತೇವ ಹೀರಿ ಬಿಡುತ್ತಾ ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಜಗ್ಗುವುದಿಲ್ಲ. ಇವೆರಡೂ ಹೊಂದಿಕೊಳ್ಳುವುದು ಕಷ್ಟ. ಅಲ್ಲಿ ಸುಣ್ಣದ ಗಾರೆ, ಸುಣ್ಣದ ಬಣ್ಣವೇ ಮೇಲು. ಹಳಬರು ಬಡತನಕ್ಕೆ ಮಾತ್ರ ಸುಣ್ಣ ಬಳಿಯುತ್ತಿರಲಿಲ್ಲ.

ಇನ್ನೂ ಏಳದ ಜಾಗ ಗಟ್ಟಿಯಿದೆಯೇ ಎಂದು ನೋಡಲು ಬ್ಲೇಡಿನಿಂದ ಗುಣಾಕಾರದ ಗುರುತು ಗೀರಿ, ಮೇಲೆ ಸೆಲ್ಲೋಟೇಪು ಒತ್ತಿ ಒಂದೇ ಎಳೆತಕ್ಕೆ ಕೀಳಿ. ಟೇಪಿನಲ್ಲಿ ಬಣ್ಣ ಬಂದರೆ ಆ ಗೋಡೆಯನ್ನೂ ಕೆರೆಯಬೇಕು. ಪೇಂಟರ್ ಎದುರಿಗೇ ಈ ಪರೀಕ್ಷೆ ಮಾಡಿದರೆ ಎಷ್ಟು ಚದರ ಅಡಿ ಕೆರೆಯಬೇಕು ಎಂಬ ವಾದ ಅರ್ಧ ಮುಗಿಯುತ್ತದೆ.

ಗುಳ್ಳೆ ಎದ್ದಿದೆ

ಒಂದು ಗುಳ್ಳೆಯನ್ನು ಬ್ಲೇಡಿನಿಂದ ಸೀಳಿ. ಒಳಗೆ ಹಳೆಯ ಬಣ್ಣ ಒಣಗಿದ ಹಾಗೇ ಇದ್ದು ಮೇಲಿನ ಕೋಟು ಮಾತ್ರ ಎದ್ದಿದ್ದರೆ, ಕಾದ ಗೋಡೆಯ ಮೇಲೆ ಅಥವಾ ಕೆಳಗಿನ ಕೋಟು ಒಣಗುವ ಮುಂಚೆ ಬಳಿದದ್ದೇ ಕಾರಣ. ಕೆರೆದು ಉಜ್ಜಿ ಮತ್ತೆ ಬಳಿದರೆ ಮುಗಿಯಿತು. ಗುಳ್ಳೆಯೊಳಗೆ ಗಾರೆ ಕಪ್ಪಗೆ ಒದ್ದೆಯಾಗಿದ್ದರೆ, ಅಥವಾ ಸೀಳಿದ ಕೂಡಲೇ ನೀರು ಇಳಿದರೆ, ಗೋಡೆಯ ಹಿಂದೆ ನೀರಿದೆ. ಬಣ್ಣದ ಅಂಗಡಿಗೆ ಹೋಗಬೇಡಿ, ನೀರಿನ ದಾರಿ ಹುಡುಕಿ.

ತುಮಕೂರಿನ ಶಿರಾ ಗೇಟ್ ಕಡೆಯ ಒಂದು ಮನೆಯಲ್ಲಿ ನಡುಮನೆಯ ಗೋಡೆ ಎದೆಯೆತ್ತರದಲ್ಲಿ ಗುಳ್ಳೆ ಏಳುತ್ತಿತ್ತು. ಮಳೆಗಾಲದ ತೇವ ಎಂದು ಹೊರಗಿನ ಗೋಡೆಗೆ ವಾಟರ್‌ಪ್ರೂಫ್ ಬಣ್ಣ ಹೊಡೆಸಿದ್ದರು. ಗುಳ್ಳೆ ಮಾರ್ಚಿಯಲ್ಲೂ ಏಳುತ್ತಿದೆ ಎಂಬುದನ್ನು ಮನೆಯಾಕೆ ಗಮನಿಸಿದ ಮೇಲೆ ವಿಷಯ ತಿಳಿಯಿತು. ಗೋಡೆಯ ಆಚೆ ವಾಶ್ ಬೇಸಿನ್ ಇತ್ತು, ಗೋಡೆಯೊಳಗಿನ ಪೈಪಿನ ಒಂದು ಕೂಡಿಕೆ ಜಿನುಗುತ್ತಿತ್ತು. ವರ್ಷವಿಡೀ ಏಳುವ ಗುಳ್ಳೆಗೆ ಮಳೆಯ ಮೇಲೆ ಆರೋಪ ಹೊರಿಸಬಾರದು.

ಪೈಪು ಒಡೆಯದೆ ನೋಡುವ ಬಗೆ ಹೀಗೆ. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ, ಮೇಲಿನ ಟ್ಯಾಂಕಿನ ಒಳಗೋಡೆಗೆ ನೀರಿನ ಮಟ್ಟ ಗುರುತಿಸಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮುಂಚೆ ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಇಳಿಯದಿದ್ದರೆ ಬಚ್ಚಲಿನ ನೆಲ, ಟೈಲ್ಸಿನ ಸಂದು, ಕೊಳಚೆ ಪೈಪು ನೋಡಬೇಕು, ಏಕೆಂದರೆ ಬಳಸಿದಾಗ ಮಾತ್ರ ಸೋರುವುದು ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಪ್ಲಂಬರ್ ಗೋಡೆ ಒಡೆಯಬೇಕು ಎಂದರೆ ಎಲ್ಲಿ, ಯಾಕೆ ಅಲ್ಲೇ ಎಂದು ಕೇಳಿ ತಿಳಿದ ಮೇಲೆ ಒಪ್ಪಿ.

ಒದ್ದೆ ಗೋಡೆಯದೋ ಮನೆಯ ಗಾಳಿಯದೋ ಎಂದು ಗೊತ್ತಾಗದಿದ್ದರೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ಹಾಳೆಯನ್ನು ಬಣ್ಣ ಕೆರೆದ ಗೋಡೆಗೆ ನಾಲ್ಕೂ ಕಡೆ ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ ಒಂದು ಪೂರ್ತಿ ದಿನ ಬಿಡಿ. ಹಾಳೆಯ ಒಳಬದಿ ಬೆವರಿದ್ದರೆ, ಗೋಡೆ ಕಪ್ಪಾಗಿದ್ದರೆ, ನೀರು ಗೋಡೆಯೊಳಗಿನದು. ಹೊರಬದಿ ಮಾತ್ರ ಒದ್ದೆಯಾದರೆ ಕೋಣೆಯ ಆವಿ. ಶಿಡ್ಲಘಟ್ಟದ ಕಡೆ ಮನೆಯಲ್ಲೇ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವವರ ಗೋಡೆಗಳು ಈ ಎರಡನೆಯ ಬಗೆಯವು. ಅಲ್ಲಿ ಬೇಕಾದ್ದು ಮೇಲೊಂದು ಗವಾಕ್ಷಿ, ಆವಿ ಹೊರಗೆಳೆಯುವ ಫ್ಯಾನು.

ಗೋಡೆಯ ಬುಡದಲ್ಲಿ ಬಿಳಿ ಹೂವು, ಬಣ್ಣ ಉದುರಿ ಗಾರೆ ಪುಡಿ

ನಮ್ಮ ಮೂರು ಜಿಲ್ಲೆಗಳ ದೊಡ್ಡ ಕಾಟ ಇದೇ. ಚೌಳು ಹಿಡಿದಿದೆ ಎನ್ನುತ್ತೇವೆ. ಗೋಡೆಯೊಳಗಿನ ನೀರು ಉಪ್ಪನ್ನು ಕರಗಿಸಿಕೊಂಡು ಹೊರಮೈಗೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಬಣ್ಣದ ಹಿಂದೆ ಹರಳುಗಟ್ಟುವ ಆ ಉಪ್ಪೇ ಬಣ್ಣವನ್ನೂ ಪುಟ್ಟಿಯನ್ನೂ ತಳ್ಳಿ ಎಬ್ಬಿಸುತ್ತದೆ. ಈ ಬಿಳಿಯದನ್ನು ಕೆಲವರು ಫ್ಲೋರೈಡ್ ಎನ್ನುತ್ತಾರೆ. ಪಾವಗಡ, ಬಾಗೇಪಲ್ಲಿ ಕಡೆ ಕುಡಿಯುವ ನೀರಿನ ಫ್ಲೋರೈಡ್ ದೊಡ್ಡ ತೊಂದರೆ, ಆದರೆ ಗೋಡೆಯ ಹೂವಿಗೆ ಅದು ಕಾರಣವಲ್ಲ. ಇದು ಹೆಚ್ಚಾಗಿ ಸೋಡಿಯಂ, ಕ್ಯಾಲ್ಸಿಯಂಗಳ ಸಲ್ಫೇಟು, ಕಾರ್ಬೊನೇಟು.

ಮೊದಲು ಎತ್ತರ ನೋಡಿ. ನೆಲದಿಂದ ಮೇಲಕ್ಕೆ ಎರಡು ಮೂರು ಅಡಿಯವರೆಗೆ ಮಾತ್ರ ಇದ್ದು, ಮೇಲೆ ಅಲೆಯಂತಹ ಗೆರೆ ಬಿದ್ದಿದ್ದರೆ ನೀರು ಪಾಯದಿಂದ ಏರುತ್ತಿದೆ. ಹೊಸ ಮನೆಯಲ್ಲಿ, ಎತ್ತರದ ಲೆಕ್ಕವೇ ಇಲ್ಲದೆ ಗೋಡೆಯ ತುಂಬ ಅಲ್ಲಲ್ಲಿ ಹೂವು ಅರಳಿದ್ದರೆ ಉಪ್ಪು ಕಟ್ಟುವಾಗಲೇ ಸೇರಿದೆ. ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನ ಗಡಸು ನೀರಿನಲ್ಲೇ ಗಾರೆ ಕಲಸಿ, ಅದೇ ನೀರನ್ನು ವಾರಗಟ್ಟಲೆ ಗೋಡೆಗೆ ಉಣಿಸಿರುತ್ತೇವೆ. ಕಾಂಕ್ರೀಟಿಗೆ ಬಳಸುವ ನೀರಿಗೆ ಐಎಸ್ 456 ಎಂಬ ಭಾರತೀಯ ಮಾನಕ ಮಿತಿ ಹಾಕಿದೆ: ಲೀಟರಿಗೆ ಸಲ್ಫೇಟು 400 ಮಿಲಿಗ್ರಾಂ, ಕಬ್ಬಿಣ ಇರುವ ಕಾಂಕ್ರೀಟಿಗೆ ಕ್ಲೋರೈಡು 500 ಮಿಲಿಗ್ರಾಂ ಮೀರಬಾರದು, ಪಿಎಚ್ 6ಕ್ಕಿಂತ ಕಡಿಮೆ ಇರಬಾರದು. ಮನೆ ಕಟ್ಟುವವರಿದ್ದರೆ ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡಿ. ಆಮೇಲೆ ಗೋಡೆ ಕೆರೆಯುವ ಕೂಲಿಯ ಮುಂದೆ ಅದರ ಖರ್ಚು ಏನೂ ಅಲ್ಲ.

ಈ ಎರಡರ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ಕಟ್ಟುವಾಗ ಸೇರಿದ ಉಪ್ಪಿಗೆ ಕೊನೆಯಿದೆ. ಹೊಸ ನೀರು ಸೇರದಿದ್ದರೆ ಒಂದೆರಡು ಬೇಸಿಗೆಯಲ್ಲಿ ಹೊರಬಂದು ಮುಗಿಯುತ್ತದೆ. ಪಾಯದಿಂದ ಏರುವುದಕ್ಕೆ ಕೊನೆಯಿಲ್ಲ.

ಹೂವನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ, ಕೆಳಗೆ ಕಾಗದ ಹಾಸಿ ಹಿಡಿದು, ಹೊರಗೆ ಹಾಕಿ. ನೀರಿನಲ್ಲಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೆ ಇಳಿಯುತ್ತದೆ. ಆಸಿಡ್ ಹಾಕಿ ತೊಳೆಯುವುದು ಇನ್ನೂ ಕೆಟ್ಟದ್ದು, ಅದು ಸಿಮೆಂಟನ್ನೇ ತಿಂದು ಹೊಸ ಉಪ್ಪು ಹುಟ್ಟಿಸುತ್ತದೆ. ಉಜ್ಜಿದ ಮೇಲೆ ಗೋಡೆಯನ್ನು ಬೋಳಾಗಿ ಬಿಡಿ. ನೆಂಟರು ಏನಂದುಕೊಂಡಾರು ಎಂಬ ಸಂಕೋಚಕ್ಕೆ ಒಂದು ಕ್ಯಾಲೆಂಡರ್ ನೇತುಹಾಕಬೇಡಿ, ಅದರ ಹಿಂದೆ ತೇವ ನಿಲ್ಲುತ್ತದೆ. ಆಮೇಲೆ ಮನೆಯ ಹೊರಗೆ ಒಂದು ಸುತ್ತು ಬನ್ನಿ. ಹೊರಗಿನ ಮಣ್ಣು ಮನೆಯ ನೆಲಕ್ಕಿಂತ ಎತ್ತರಕ್ಕೆ ಬಂದಿದೆಯೇ? ರಸ್ತೆ ಎತ್ತರಿಸಿದ ಮೇಲೆ ಎಷ್ಟೋ ಹಳೆಯ ಮನೆಗಳು ತಗ್ಗಿಗೆ ಬಿದ್ದಿವೆ. ಗೋಡೆಗೆ ಅಂಟಿಸಿ ಹೂಗಿಡದ ಪಾತಿ ಮಾಡಿದ್ದೀರಾ? ಮೋಲ್ಡಿನ ನೀರು ಬೀಳುವ ಪೈಪು ಗೋಡೆಯ ಬುಡಕ್ಕೇ ಸುರಿಯುತ್ತಿದೆಯೇ? ಸಂಪು ಗೋಡೆಯ ಪಕ್ಕದಲ್ಲೇ ಇದೆಯೇ? ಇವನ್ನು ಸರಿಪಡಿಸಿದ ಮೇಲೆ ಒಂದು ಬೇಸಿಗೆ ಕಳೆಯಲಿ.

ಇಷ್ಟಾದರೂ ಏರುತ್ತಲೇ ಇದ್ದರೆ ಪಾಯದ ಮೇಲೆ ತೇವ ತಡೆಯುವ ಪದರ ಹಾಕಿಲ್ಲ, ಅಥವಾ ಅದು ಒಡೆದಿದೆ. ಸೈಜುಗಲ್ಲಿನ ಪಾಯದ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಇಲ್ಲಿಗೆ ನಿಲ್ಲಿಸಿ. ಒಳಗಿನಿಂದ ವಾಟರ್‌ಪ್ರೂಫ್ ಲೇಪ ಬಳಿಸಿದರೆ ನೀರು ನಿಲ್ಲುವುದಿಲ್ಲ, ಲೇಪದ ಹಿಂದೆ ಇನ್ನೂ ಮೇಲೇರಿ ಲೇಪ ಮುಗಿದ ಕಡೆ ಹೊರಬೀಳುತ್ತದೆ. ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬಿಸುವ ಕೆಲಸವನ್ನು ಅದನ್ನೇ ಮಾಡುವವರಿಗೆ, ಸಿವಿಲ್ ಎಂಜಿನಿಯರಿಗೆ ತೋರಿಸಿದ ಮೇಲೆ ಕೊಡಿ. ಅಷ್ಟು ದುಡ್ಡು ಈಗ ಆಗದಿದ್ದರೆ ಆ ಮೂರಡಿಗೆ ಸುಣ್ಣ ಬಳಿಯಿರಿ. ಉಸಿರಾಡುವ ಗೋಡೆಯಲ್ಲಿ ನೀರು ಆರುತ್ತದೆ, ಉದುರಿದರೂ ಮತ್ತೆ ಬಳಿಯುವ ಖರ್ಚು ಅಲ್ಪ.

ಕಪ್ಪು, ಹಸಿರು ಚುಕ್ಕೆಗಳು

ಬೂಷ್ಟೋ ಮಸಿಯೋ ತಿಳಿಯಲು ಮನೆಬಳಕೆಯ ಬ್ಲೀಚ್ ದ್ರಾವಣ ಒಂದು ಪಾಲಿಗೆ ಮೂರು ಪಾಲು ನೀರು ಸೇರಿಸಿ, ಹತ್ತಿಯಲ್ಲಿ ಅದ್ದಿ ಒಂದು ಚುಕ್ಕೆಗೆ ಮುಟ್ಟಿಸಿ. ಒಂದೆರಡು ನಿಮಿಷದಲ್ಲಿ ಮಾಸಿದರೆ ಬೂಷ್ಟು. ಕಪ್ಪು ಹಾಗೇ ಉಳಿದರೆ ದೀಪದ ಅಥವಾ ಒಲೆಯ ಮಸಿ. ದೇವರ ಮನೆಯ ಮೇಲ್ಭಾಗದ ಕಪ್ಪು ಬಹುಪಾಲು ಎಣ್ಣೆದೀಪದ್ದು, ಅದಕ್ಕೆ ಸೋಪಿನ ನೀರು ಸಾಕು. ಜಿಡ್ಡು ಹೋಗದೆ ಬಣ್ಣ ಬಳಿದರೆ ಹಿಡಿಯುವುದಿಲ್ಲ.

ಬ್ಲೀಚ್ ಜೊತೆ ಬಾತ್‌ರೂಮ್ ತೊಳೆಯುವ ಆಸಿಡ್ ಯಾವತ್ತೂ ಸೇರಬಾರದು. ಬ್ಲೀಚಿಂಗ್ ಪೌಡರಿಗೂ ಇದೇ ಮಾತು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಕೈಗವಸು ಹಾಕಿ, ಕಿಟಕಿ ತೆಗೆದಿಡಿ.

ಬೂಷ್ಟಿನ ಜಾಗವನ್ನು ನೋಡಿದರೆ ಕಾರಣ ಸಿಗುತ್ತದೆ. ಬೀರುವಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ ಮಾತ್ರ ಇದ್ದರೆ ಬೀರುವನ್ನು ಗೋಡೆಯಿಂದ ಒಂದು ಗೇಣು ಸರಿಸಿ. ಮೋಲ್ಡಿನ ಅಂಚಿನುದ್ದಕ್ಕೂ ಇದ್ದರೆ ಮೇಲಿನ ಸೋರಿಕೆ. ರೇಷ್ಮೆ ಹುಳು ಸಾಕುವ ಕೋಣೆಯಲ್ಲಿ ಬೂಷ್ಟು ಬರುವುದು ಸಹಜ, ಚಾಕಿ (ಎಳೆಯ) ಹುಳುವಿಗೆ ಬೇಕಾದ ತೇವಾಂಶವೇ ಶೇಕಡಾ 85ರಿಂದ 90. ಆ ಕೋಣೆಗೆ ಎಮಲ್ಶನ್ ಬಳಿದು ಗೋಡೆಯ ಉಸಿರು ಕಟ್ಟಿಸುವ ಬದಲು ಸುಣ್ಣ ಬಳಿಯಿರಿ. ಅದರ ಕ್ಷಾರಕ್ಕೆ ಬೂಷ್ಟು ಬದುಕುವುದು ಕಷ್ಟ. ಮನೆಯ ಬೇರೆ ಕೋಣೆಗೆ ಎನಾಮಲ್ ಬಳಿಸುವುದಿದ್ದರೂ ಹುಳು ಹಣ್ಣಾಗಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟಿಗೆ) ಹೋಗಿ ಗೂಡು ಬಿಡಿಸಿದ ಮೇಲೆ ಇಟ್ಟುಕೊಳ್ಳಿ. ಥಿನ್ನರ್ ವಾಸನೆಯ ಹತ್ತಿರ ಹುಳು ಇಡುವ ಧೈರ್ಯ ಬೇಡ.

ಕಂದು ಕಲೆ, ಎಷ್ಟು ಬಳಿದರೂ ಮತ್ತೆ ಕಾಣುತ್ತದೆ

ಸೋರಿಕೆ ನಿಂತಿದ್ದರೂ ಹಳೆಯ ನೀರಿನ ಕಲೆ ನೀರು ಬೆರೆಸುವ ಬಣ್ಣದಲ್ಲಿ ಕರಗಿ ಮೇಲೆ ಬರುತ್ತಲೇ ಇರುತ್ತದೆ. ಕಲೆಯ ಮೇಲೆ ಮಾತ್ರ ಥಿನ್ನರಿನಲ್ಲಿ ಕಲಸುವ ಪ್ರೈಮರ್ ಒಂದು ಕೋಟು ಹೊಡೆದು, ಒಣಗಿದ ಮೇಲೆ ಎಮಲ್ಶನ್ ಬಳಿಯಿರಿ. ಕಲೆಯ ಸುತ್ತಲಿನ ಗೆರೆಯನ್ನು ಪೆನ್ಸಿಲ್ಲಿನಲ್ಲಿ ಗುರುತಿಸಿ ತಾರೀಖು ಬರೆದಿಟ್ಟರೆ ಸೋರಿಕೆ ನಿಂತಿದೆಯೋ ಇಲ್ಲವೋ ಮುಂದಿನ ಮಳೆಗೆ ತಿಳಿಯುತ್ತದೆ.

ಕಲೆ ತುಕ್ಕಿನ ಬಣ್ಣದ್ದಾಗಿ, ಮೋಲ್ಡಿನಲ್ಲಿ ನೇರ ಗೆರೆಯಾಗಿ ಸಾಗಿದ್ದರೆ ಅದು ಕಂಬಿ ತುಕ್ಕು ಹಿಡಿಯುತ್ತಿರುವ ಗುರುತು. ಗಾರೆ ಉಬ್ಬಿದ್ದರೆ ಅದರ ಕೆಳಗೆ ಮಂಚ, ತೊಟ್ಟಿಲು ಇಡಬೇಡಿ. ಕೋಲಿನಿಂದ ತಟ್ಟಿ ನೋಡಲೂ ಹೋಗಬೇಡಿ. ಎಂಜಿನಿಯರ್ ನೋಡಬೇಕಾದ ಕೆಲಸ ಅದು.

ಬಿರುಕು

ಬಲೆಯ ಹಾಗೆ ಹರಡಿದ ಕೂದಲೆಳೆ ಬಿರುಕು ಪುಟ್ಟಿ ದಪ್ಪವಾದದ್ದರಿಂದ. ಸಿಮೆಂಟ್ ಪುಟ್ಟಿಯನ್ನು ಎರಡು ಕೋಟೂ ಸೇರಿ ಒಂದೂವರೆ ಮಿಲಿಮೀಟರ್ ಮೀರಿಸಬಾರದು. ಗೋಡೆ ಮಟ್ಟವಿಲ್ಲದಿದ್ದರೆ ಅದನ್ನು ಪುಟ್ಟಿಯಲ್ಲಿ ಮುಚ್ಚುವ ಬದಲು ಗಾರೆಯಲ್ಲೇ ಸರಿಪಡಿಸಬೇಕಿತ್ತು. ಕಂಬ ಮತ್ತು ಇಟ್ಟಿಗೆ ಸೇರುವ ಕಡೆ ನೇರವಾಗಿ ಇಳಿಯುವ ಬಿರುಕಿಗೆ ಗಾರೆ ಕೆರೆದು ಜಾಲರಿ ಹೊಡೆದು ಮತ್ತೆ ಗಾರೆ ಮಾಡಬೇಕು. ಮೇಲೆ ಪುಟ್ಟಿ ತುಂಬಿದರೆ ವರ್ಷದೊಳಗೆ ಅಲ್ಲೇ ಬಾಯಿಬಿಡುತ್ತದೆ.

ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಅಥವಾ ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದದ್ದು ಪಾಯ ಕುಸಿಯುತ್ತಿರುವುದರ ಸೂಚನೆ ಇರಬಹುದು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ತಾರೀಖು ಬರೆಯಿರಿ, ಅಡ್ಡಲಾಗಿ ತೆಳು ಕಾಗದದ ಪಟ್ಟಿ ಅಂಟಿಸಿ. ಕಾಗದ ಹರಿದರೆ, ಗೆರೆ ದಾಟಿ ಬಿರುಕು ಬೆಳೆದರೆ, ನಾಣ್ಯ ತೂರುವಷ್ಟು ಅಗಲವಾದರೆ, ಬಾಗಿಲು ಇದ್ದಕ್ಕಿದ್ದಂತೆ ಹಿಡಿಯತೊಡಗಿದರೆ ಪೇಂಟರನ್ನು ಮನೆಗೆ ಕಳಿಸಿ, ಎಂಜಿನಿಯರನ್ನು ಕರೆಸಿ.

ಬಾಗಿಲು, ಕಿಟಕಿ, ಚೌಕಟ್ಟು: ಅಂಟು, ಮಬ್ಬು, ಹಳದಿ, ತುಕ್ಕು

ಎನಾಮಲ್ ಬಳಿದು ವಾರವಾದರೂ ಕೈಗೆ ಅಂಟುತ್ತಿದ್ದರೆ ಮರದ ಮೇಲೆ ಮತ್ತು ಗಾರೆಯ ಮೇಲೆ ಬೇರೆ ಬೇರೆ ಕಾರಣ. ಮರದ ಮೇಲಾದರೆ ಕೋಟು ದಪ್ಪ, ಕೆಳಗೆ ಜಿಡ್ಡು, ಇಲ್ಲವೇ ಥಿನ್ನರಿನ ಬದಲು ಸೀಮೆಎಣ್ಣೆ. ಕಿಟಕಿ ತೆಗೆದಿಟ್ಟು ಇನ್ನೊಂದು ವಾರ ನೋಡಿ, ಒಣಗದಿದ್ದರೆ ಥಿನ್ನರಿನಲ್ಲಿ ಒರೆಸಿ ತೆಗೆಯಬೇಕು. ಆಗ ಒಲೆ, ದೀಪ, ಬೀಡಿ ಹತ್ತಿರ ಬೇಡ.

ಹೊಸ ಸಿಮೆಂಟು ಗಾರೆಯ ಮೇಲೆ ಬಳಿದ ಆಯಿಲ್ ಪೇಂಟ್ ಮೆತ್ತಗಾಗಿ ಅಂಟಂಟಾಗುತ್ತಿದ್ದರೆ ಗೋಡೆಯ ಕ್ಷಾರ ಎಣ್ಣೆಯನ್ನು ಸಾಬೂನು ಮಾಡುತ್ತಿದೆ. ಇದನ್ನು ಪರೀಕ್ಷಿಸಲು ಅರಿಶಿನ ಬೇಕು. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬಿದ್ದ ಕೂಡಲೇ ಓಕುಳಿ ಕೆಂಪಾಗುವುದು ಕ್ಷಾರದಿಂದಲೇ. ಚಿಟಿಕೆ ಅರಿಶಿನವನ್ನು ಫಿಲ್ಟರ್ ನೀರಿನಲ್ಲಿ ಕಲಸಿ (ಬೋರ್ ನೀರೇ ಸ್ವಲ್ಪ ಕ್ಷಾರವಿರುತ್ತದೆ), ಬಣ್ಣ ಕೆರೆದ ಗಾರೆಯ ಒಂದು ಮರೆಯ ಮೂಲೆಗೆ ಹಚ್ಚಿ. ಹಳದಿಯಾಗಿಯೇ ಉಳಿದರೆ ಗೋಡೆ ಸಿದ್ಧ. ಕಡುಗೆಂಪಿಗೆ ತಿರುಗಿದರೆ ಇನ್ನೂ ಕಾಯಬೇಕು. ಗಾರೆ ಮಾಡಿ ನೀರುಣಿಸುವುದು ಮುಗಿದ ಮೇಲೆ ಒಂದು ತಿಂಗಳಾದರೂ ಒಣಗಲು ಬಿಡಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಗೃಹಪ್ರವೇಶದ ಮುಹೂರ್ತ ಮುಂದೆ ಹೋಗದಿದ್ದರೆ ಆ ಹೊತ್ತಿಗೆ ಒಂದು ಕೋಟು ಸುಣ್ಣ ಬಳಿದು ಪೂಜೆ ಮುಗಿಸಿಕೊಳ್ಳಿ, ಬಣ್ಣ ಆಮೇಲೆ.

ಸಂಜೆ ಹೊಳೆಯುತ್ತಿದ್ದ ಎನಾಮಲ್ ಬೆಳಿಗ್ಗೆ ಮಬ್ಬಾಗಿದ್ದರೆ ರಾತ್ರಿಯ ಇಬ್ಬನಿ ಕೂತಿದೆ. ಡಿಸೆಂಬರ್, ಜನವರಿಯಲ್ಲಿ ನಂದಿ ಬೆಟ್ಟದ ಸುತ್ತಿನ ಊರುಗಳಲ್ಲಿ ಮಧ್ಯಾಹ್ನದ ಮೇಲೆ ಹೊರಬಾಗಿಲಿಗೆ ಬ್ರಷ್ ಹಿಡಿಯಬಾರದು. ಬಿಳಿ ಎನಾಮಲ್ ಹಳದಿಗೆ ತಿರುಗುವುದು ಬೆಳಕು ಬೀಳದ ಕಡೆ, ಬೀರುವಿನ ಬಾಗಿಲ ಒಳಬದಿಯಲ್ಲಿ ಹೆಚ್ಚು. ಅದು ಎಣ್ಣೆ ಬಣ್ಣದ ಸ್ವಭಾವ. ಬಿಳಿಯೇ ಬೇಕೆಂದರೆ ನೀರು ಬೆರೆಸುವ ಎನಾಮಲ್ ಕೊಳ್ಳಿ.

ಕಿಟಕಿಯ ಸರಳಿನ ಬುಡದಲ್ಲಿ ಬಣ್ಣ ಉಬ್ಬಿದ್ದರೆ ಒಳಗೆ ತುಕ್ಕು. ತಂತಿ ಬ್ರಷ್ಷಿನಲ್ಲಿ ಲೋಹ ಕಾಣುವವರೆಗೆ ಉಜ್ಜಿ (ಹಳೆಯ ಬಣ್ಣವಾದರೆ ಮೇಲೆ ಹೇಳಿದ ಸೀಸದ ಎಚ್ಚರಿಕೆ ಇಲ್ಲಿಗೂ ಇದೆ) ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ. ಚೌಕಟ್ಟಿನ ಬಣ್ಣದ ಕೆಳಗೆ ಗೆರೆಗೆರೆಯಾಗಿ ಉಬ್ಬಿದ್ದರೆ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸುಲಭವಾಗಿ ಒಳಗಿಳಿದು ಮಣ್ಣು ಉದುರಿದರೆ ಗೆದ್ದಲು, ಬಣ್ಣ ಬಳಿಯುವ ಮಾತು ಬಿಟ್ಟು ಗೆದ್ದಲಿನ ಮದ್ದು ಹೊಡೆಯುವವರನ್ನು ಕರೆಯಿರಿ.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ ಅಂಚಿನ ಬಣ್ಣ ಕಿತ್ತುಬಂದರೆ ಕೂಡಲೇ ತೋಪಡ ಹಿಡಿಸಬೇಡಿ. ಹಸಿಯಾಗಿ ಹಿಗ್ಗಿದ ಮರವನ್ನು ಕೆತ್ತಿದರೆ ಬೇಸಿಗೆಗೆ ಸಂದು ಬಿಡುತ್ತದೆ. ಒಂದು ಕನ್ನಡಿಯನ್ನು ಬಾಗಿಲ ಕೆಳಗೆ ತೂರಿಸಿ ತಳದ ಅಂಚು ನೋಡಿ. ಬಹುತೇಕ ಬಾಗಿಲುಗಳಲ್ಲಿ ಅಲ್ಲಿ ಬಣ್ಣವೇ ಇರುವುದಿಲ್ಲ, ನೆಲ ಒರೆಸಿದ ನೀರನ್ನೆಲ್ಲ ಮರ ಅಲ್ಲಿಂದಲೇ ಹೀರುತ್ತದೆ. ಸಂಕ್ರಾಂತಿ ಕಳೆದು ಮರ ಒಣಗಿದ ಮೇಲೆ ಬಾಗಿಲು ಕಳಚಿ, ಬೇಕಿದ್ದರೆ ಆಗ ಕೆತ್ತಿಸಿ, ತಳಕ್ಕೂ ತಲೆಗೂ ಪ್ರೈಮರ್ ಸೇರಿಸಿ ಎರಡು ಕೋಟು ಹಚ್ಚಿಸಿ. ಕೀಲಿಗೆ ಏರಿಸಿದ ಮೇಲೆ ಬ್ರಷ್ ಅಲ್ಲಿಗೆ ಹೋಗುವುದಿಲ್ಲ.